ಹೋಗಿ ಬರುತ್ತೇನೆ

ನಮ್ಮ ನಾಡಿನಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎಂದು ಹೇಳುವ ವಾಡಿಕೆಯಿಲ್ಲ. ಪೇಟೆಗೆ ಉಪ್ಪು ತರಲು ಹೊರಟವನೂ ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಕಾಶಿಗೆ ಹೊರಟವನೂ ಹಾಗೆಯೇ ಎನ್ನುತ್ತಾನೆ. ಬರಿದೆ ‘ಹೋಗುತ್ತೇನೆ’ ಎಂದ ಹುಡುಗನನ್ನು ಹಿರಿಯರು ಬಾಗಿಲಲ್ಲೇ ತಡೆದು, ‘ಹಾಗೆನ್ನಬಾರದು ಮಗು, ಹೋಗಿ ಬರುತ್ತೇನೆ ಅನ್ನು’ ಎಂದು ತಿದ್ದಿ ಕಳುಹಿಸುತ್ತಿದ್ದರು. ಚಿಕ್ಕಂದಿನಲ್ಲಿ ನಾನೂ ಹೀಗೆ ತಿದ್ದಿಸಿಕೊಂಡವನೇ. ಮುಂದೆ 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಎಷ್ಟೋ ಮಂದಿ ಹುಡುಗರನ್ನು ಹೀಗೆಯೇ ತಿದ್ದಿದವನು. ಆದರೆ ಈ ಮಾತಿನ ಎರಡನೆಯ ಭಾಗವನ್ನು, ಎಂದರೆ ‘ಬರುತ್ತೇನೆ’ ಎಂಬುದನ್ನು, ಸಾಕ್ಷ್ಯಾಧಾರಗಳೊಡನೆ ಸಿದ್ಧಪಡಿಸಿ ತೋರಿಸಬೇಕಾದ ದಿನವೊಂದು ಬಂದೀತೆಂದು ನಾನು ಎಣಿಸಿರಲಿಲ್ಲ. ನನ್ನ 67ನೆಯ ವಯಸ್ಸಿನಲ್ಲಿ, 2023ರಲ್ಲಿ, ಆ ದಿನ ಬಂತು.

ಪರದೇಶದಲ್ಲಿರುವ ಮಕ್ಕಳನ್ನು ನೋಡಿ ಬರಲು ಅನುಮತಿ ಬೇಡಿ, ಅದು ದೊರೆಯದೆ ಮನೆಯಲ್ಲೇ ಉಳಿದ ತಂದೆತಾಯಿಗಳು ಈಗ ನಮ್ಮ ಊರೂರುಗಳಲ್ಲಿ ಇದ್ದಾರೆ. ಅವರು ಈ ಸಂಗತಿಯನ್ನು ಹೆಚ್ಚಾಗಿ ಹೊರಗೆ ಆಡುವುದಿಲ್ಲ. ಮಗನಿಗೆ ವೀಸಾ ಸಿಕ್ಕಿದುದನ್ನು ಊರಿಗೆಲ್ಲ ಸಕ್ಕರೆ ಹಂಚಿ ಸಾರಿದವರು, ತಮಗೆ ಸಿಕ್ಕದೆ ಹೋದುದನ್ನು ಮಾತ್ರ ‘ಅಲ್ಲಿ ಚಳಿ ಬಹಳವಂತೆ, ಮುಂದಿನ ವರ್ಷ ನೋಡೋಣ’ ಎಂದು ತೇಲಿಸಿಬಿಡುತ್ತಾರೆ. ನಾನೂ ಕೆಲವು ತಿಂಗಳು ಹಾಗೆಯೇ ತೇಲಿಸಿದೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲವೆಂದು ಈಗ ತೋರುತ್ತಿರುವುದರಿಂದ ಇದನ್ನು ಬರೆಯಲು ಹೊರಟಿದ್ದೇನೆ. ನಮಗೆ ಇಲ್ಲವೆಂದ ದೇಶ ಯಾವುದು, ಕಚೇರಿ ಯಾವುದು ಎಂಬುದನ್ನು ಹೇಳುವುದಿಲ್ಲ. ಹೇಳಿದರೂ ಸಂಗತಿ ಬೇರೆಯಾಗದು. ಹೆಸರು ಬದಲಿಸಿದರೆ ಅನೇಕ ದೇಶಗಳಿಗೆ ಒಪ್ಪುವ ಕಥೆ ಇದು.

ನಮಗೆ ಒಬ್ಬಳೇ ಮಗಳು. ಮದುವೆಯಾಗಿ ಗಂಡನೊಡನೆ ಪರದೇಶದಲ್ಲಿ ನೆಲಸಿ ಆಗ ನಾಲ್ಕು ವರ್ಷವಾಗಿತ್ತು. ಅವಳು ಬಸುರಿಯೆಂಬ ಸುದ್ದಿ ಬಂದ ದಿನವೇ ನನ್ನ ಮನೆಯಾಕೆ ಹಳೆಯ ಪಂಚೆಗಳನ್ನು ಹುಡುಕಿ ತೆಗೆದು ಒಗೆದು ಮಡಿಸಿಟ್ಟಳು. ಮಗುವಿಗೆ ಹಾಸಲು ಮೆತ್ತನೆಯ ಬಟ್ಟೆ ಬೇಕಲ್ಲವೆ? ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಸೀಮಂತ ಮುಗಿದ ಮೇಲೆ ಮಗಳನ್ನು ಕರೆತಂದು, ಬಚ್ಚಲ ಹಂಡೆಗೆ ಎರಡು ಹೊತ್ತೂ ಉರಿ ಹಾಕಿ, ಎಣ್ಣೆ ಹಚ್ಚಿ ಎರೆದು, ಕಾಳುಮೆಣಸಿನ ಸಾರು ಬೆಳ್ಳುಳ್ಳಿ ತುಪ್ಪದ ಅನ್ನವಿಟ್ಟು, ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು ಮೂರು ತಿಂಗಳು ಬಾಣಂತನ ಮಾಡಿ ಕಳುಹಿಸುವುದು ತಾಯಿಯ ಋಣವೆಂದು ನಮ್ಮ ಹೆಂಗಸರು ನಂಬಿದ್ದಾರೆ. ನನ್ನ ಮನೆಯಾಕೆಗೆ ಅವಳ ತಾಯಿ ಹೀಗೆ ಮಾಡಿದ್ದರು. ಆಕೆಗೆ ಆಕೆಯ ತಾಯಿ.

ಆದರೆ ಸಮುದ್ರದಾಚೆಯ ಮಗಳು ತವರಿಗೆ ಬರುವುದು ಹೇಗೆ? ದಿನ ತುಂಬುತ್ತ ಬಂದ ಗರ್ಭಿಣಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ಬಹಳ ಮುಂಚೆಯೇ ಬಂದರೆ ಕೆಲಸದ ರಜೆ ಹೆರಿಗೆಗೆ ಮೊದಲೇ ತೀರಿಹೋಗುತ್ತದೆ. ಹೀಗಾಗಿ ಮಗಳು ತವರಿಗೆ ಬರುವ ಬದಲು ತವರೇ ಮಗಳ ಬಳಿಗೆ ಹೋಗುವ ಹೊಸ ಪದ್ಧತಿಯೊಂದು ನಮ್ಮ ಜನರಲ್ಲಿ ಬೆಳೆದುಬಂದಿದೆ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ರಾತ್ರಿಯ ಹೊತ್ತು ಹೋದವರು ಇಂಥ ತಾಯಂದಿರನ್ನು ನೋಡಿರಬಹುದು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಅಭ್ಯಾಸವಿಲ್ಲದ ಬೂಟು, ಪೆಟ್ಟಿಗೆಯ ತುಂಬ ಸಾರಿನ ಪುಡಿ, ಚಟ್ನಿಪುಡಿ, ಬಾಣಂತಿ ಲೇಹ್ಯ. ಅವರು ದೇಶ ನೋಡಲು ಹೊರಟವರಲ್ಲ. ಅಡಿಗೆಮನೆ, ಬಚ್ಚಲುಮನೆ, ತೊಟ್ಟಿಲು, ಇಷ್ಟರ ನಡುವೆ ಆರು ತಿಂಗಳು ಓಡಾಡಿ ಹಿಂದಿರುಗುವವರು.

ನಮ್ಮ ಅರ್ಜಿಯನ್ನು ಅಳಿಯಂದಿರು ಅಲ್ಲಿಂದಲೇ ಕಂಪ್ಯೂಟರಿನಲ್ಲಿ ತುಂಬಿದರು. ಒಂದೊಂದು ಪ್ರಶ್ನೆಯನ್ನೂ ದೂರವಾಣಿಯಲ್ಲಿ ಓದಿ ಹೇಳುತ್ತಿದ್ದರು. ನಾವು ಜಗಲಿಯಲ್ಲಿ ಕುಳಿತು ಉತ್ತರ ಹೇಳುತ್ತಿದ್ದೆವು. ನನ್ನ ಉದ್ಯೋಗ: ನಿವೃತ್ತ ಶಿಕ್ಷಕ. ಅವಳ ಉದ್ಯೋಗ: ಗೃಹಿಣಿ. ಅವಳ ಆದಾಯ: ಇಲ್ಲ. ಅವಳ ಹೆಸರಿನಲ್ಲಿ ಆಸ್ತಿ: ಇಲ್ಲ. ಈ ಹಿಂದೆ ಪರದೇಶ ಪ್ರಯಾಣ: ಇಲ್ಲ. ಹೀಗೆ ನಾಲ್ಕೈದು ‘ಇಲ್ಲ’ಗಳಾದ ಮೇಲೆ ಅವಳು ಎದ್ದು ಒಳಗೆ ಹೋದಳು. ಹಾಲು ಉಕ್ಕುವ ಹೊತ್ತಾಗಿತ್ತೆಂದು ಆಮೇಲೆ ಹೇಳಿದಳು.

ನನ್ನ ಆಸ್ತಿಯ ಪ್ರಶ್ನೆ ಬಂದಾಗ ಬೇರೊಂದು ತೊಡಕು ತಲೆದೋರಿತು. ಸಾಗರದ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ನಮ್ಮ ತಂದೆಯವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ನಿಂತಿತ್ತು. ಅಣ್ಣತಮ್ಮಂದಿರಲ್ಲಿ ವ್ಯಾಜ್ಯವೇನೂ ಇರಲಿಲ್ಲವಾದ್ದರಿಂದ ಖಾತೆ ಬದಲಾಯಿಸಿಕೊಳ್ಳುವ ಅಗತ್ಯ ನಮಗೆ ಕಂಡಿರಲಿಲ್ಲ. ಅವರವರ ಪಾಲಿನ ತೋಟವನ್ನು ಅವರವರು ಮಾಡಿಕೊಂಡು ಬಂದಿದ್ದೆವು. ಜಗಳವಾಡಿ ಪಾಲಾದ ಮನೆಗಳಲ್ಲಿ ಕಾಗದಪತ್ರ ಅಚ್ಚುಕಟ್ಟಾಗಿರುತ್ತದೆ. ನಮ್ಮಂಥವರ ಮನೆಯಲ್ಲಿ ಇರುವುದಿಲ್ಲ. ಅಂತೂ ಕಚೇರಿಯ ಕಣ್ಣಿಗೆ ನಾನು ತೋಟವಿಲ್ಲದವನಾದೆ.

ಇದನ್ನು ಸರಿದೂಗಿಸಲೆಂದು ಅಳಿಯಂದಿರ ಸ್ನೇಹಿತರೊಬ್ಬರು ಸಲಹೆಯೊಂದನ್ನು ಕೊಟ್ಟರು. ಅದರಂತೆ ಅರ್ಜಿ ಸಲ್ಲಿಸುವ ಹತ್ತು ದಿನ ಮೊದಲು ನನ್ನ ಬ್ಯಾಂಕಿನ ಖಾತೆಗೆ ನಾಲ್ಕು ಲಕ್ಷ ರೂಪಾಯಿ ಬಂದು ಬಿತ್ತು. ತಿಂಗಳಿಗೊಮ್ಮೆ ಪಿಂಚಣಿ ಬಂದು, ತಿಂಗಳೊಳಗೆ ಖರ್ಚಾಗಿ, ಬೇಸಗೆಯ ಹಳ್ಳದಂತೆ ತೆಳ್ಳಗೆ ಹರಿಯುತ್ತಿದ್ದ ಆ ಲೆಕ್ಕದಲ್ಲಿ ಈ ಮೊತ್ತ ಎದ್ದು ಕಾಣುತ್ತಿತ್ತು. ನನಗೇ ಅದನ್ನು ನೋಡಿ ಸಂಕೋಚವಾಯಿತು. ಆದರೂ ಸುಮ್ಮನಿದ್ದೆ. ಈ ತಪ್ಪು ನಮ್ಮದೇ. ಬೇರೆಯವರ ಮೇಲೆ ಹೊರಿಸುವಂತಿಲ್ಲ.

ಬೆರಳಚ್ಚು ಕೊಡುವುದಕ್ಕಾಗಿ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಮನೆಯಾಕೆಯ ಬೆರಳುಗಳನ್ನು ಮಾತ್ರ ಯಂತ್ರ ಗುರುತಿಸಲೊಲ್ಲದು. ನಲವತ್ತು ವರ್ಷ ಅಡಿಕೆ ಸುಲಿದು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳುಗಳಲ್ಲಿ ಗೆರೆಗಳು ಸವೆದುಹೋಗಿದ್ದವು. ಕೆಲಸದಲ್ಲಿದ್ದ ಹುಡುಗಿ ಒಳ್ಳೆಯವಳು. ‘ಅಮ್ಮಾ, ಸ್ವಲ್ಪ ಒತ್ತಿ ಹಿಡಿಯಿರಿ’ ಎಂದು ಒದ್ದೆ ಬಟ್ಟೆಯಿಂದ ಒರಸಿ ಒರಸಿ, ಏಳೆಂಟು ಸಲ ಪ್ರಯತ್ನಿಸಿ ಕೊನೆಗೆ ಹೇಗೋ ಮುಗಿಸಿದಳು. ಹಿಂದಿರುಗುವಾಗ ಮನೆಯಾಕೆ ತನ್ನ ಬೆರಳ ತುದಿಗಳನ್ನು ರೈಲಿನ ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದಳು.

ಇಪ್ಪತ್ತಮೂರು ದಿನಗಳ ಮೇಲೆ ಉತ್ತರ ಬಂತು. ಅದರ ಸಾರಾಂಶವಿಷ್ಟು: ಅವಧಿ ಮುಗಿದೊಡನೆ ನಾವು ಆ ದೇಶವನ್ನು ಬಿಟ್ಟು ಹೊರಡುವೆವೆಂಬ ವಿಷಯದಲ್ಲಿ ಅಧಿಕಾರಿಗೆ ಸಮಾಧಾನವಾಗಿಲ್ಲ. ಸ್ವದೇಶದಲ್ಲಿ ನಮ್ಮನ್ನು ಹಿಡಿದಿಡುವ ಆಸ್ತಿ ಕಾಣುವುದಿಲ್ಲ. ಖಾತೆಯಲ್ಲಿನ ಹಣ ಎಲ್ಲಿಂದ ಬಂತೆಂಬುದಕ್ಕೆ ವಿವರಣೆಯಿಲ್ಲ. ನಮ್ಮ ಹತ್ತಿರದ ಸಂಬಂಧಿಯೆಂದರೆ ಮಗಳು. ಆಕೆ ಇರುವುದು ಆ ದೇಶದಲ್ಲಿ.

ಕೊನೆಯ ಕಾರಣವನ್ನು ನಾನು ಕನ್ನಡಿಸಿ ಹೇಳಿದಾಗ ಮನೆಯಾಕೆ ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. ‘ಮಗಳು ಅಲ್ಲಿರುವುದಕ್ಕೇ ಅಲ್ಲವೆ ನಾವು ಹೋಗುತ್ತೇವೆ ಅಂದದ್ದು? ಅವಳು ಇಲ್ಲಿದ್ದಿದ್ದರೆ ಅಲ್ಲಿಗೆ ಹೋಗುವ ಕೆಲಸವೇನಿತ್ತು?’ ಎಂದಳು. ಇದಕ್ಕೆ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಹೋಗಲು ಯಾವುದು ಕಾರಣವೋ ಅದೇ ಹೋಗಗೊಡದಿರಲೂ ಕಾರಣವಾಗಿತ್ತು. ತುಸು ಹೊತ್ತಿನ ಮೇಲೆ ಮತ್ತೆ, ‘ಅಂದರೆ ನಾವು ಸುಳ್ಳು ಹೇಳುತ್ತೇವೆ ಅಂದರೋ?’ ಎಂದಳು. ‘ಹಾಗೆ ಬರೆದಿಲ್ಲ’ ಎಂದೆ. ‘ಬರೆಯದಿದ್ದರೂ ಅಷ್ಟೇ ತಾನೆ?’ ಎಂದು ಮಡಿಸಿಟ್ಟಿದ್ದ ಪಂಚೆಯ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಬೀರುವಿನಲ್ಲಿಟ್ಟಳು.

ಮೇಷ್ಟರಿಗೆ ಒಂದು ಚಾಳಿಯಿದೆ: ಏಟು ಬಿದ್ದರೆ ಅದರ ವ್ಯಾಕರಣವನ್ನು ಹುಡುಕಿಕೊಂಡು ಹೋಗುತ್ತಾನೆ. ಈ ನಿರಾಕರಣೆಯ ಹಿಂದಿರುವ ಕಾನೂನೇನು, ಬೇರೆ ದೇಶಗಳಲ್ಲಿ ಹೇಗೆ ಎಂದು ನಾನು ಓದತೊಡಗಿದೆ. ತಿಳಿದುದರಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇನೆ.

ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿಯಂತೆ, ಯಾವ ದೇಶವನ್ನಾದರೂ ಬಿಟ್ಟು ಹೊರಡುವ ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಉಂಟು. ನಮ್ಮ ಸುಪ್ರೀಂ ಕೋರ್ಟು 1967ರಲ್ಲಿ ಪರದೇಶ ಪ್ರಯಾಣವು ಸಂವಿಧಾನದ 21ನೆಯ ವಿಧಿ ಕೊಟ್ಟ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಪಾಸ್‌ಪೋರ್ಟಿನ ಈಗಿನ ಕಾಯಿದೆ ಹುಟ್ಟಿದ್ದು ಅದರ ಬೆನ್ನಲ್ಲೇ. ಆದರೆ ಇನ್ನೊಂದು ದೇಶದೊಳಕ್ಕೆ ಕಾಲಿಡುವ ಹಕ್ಕನ್ನು ಆ ಘೋಷಣೆಯೂ ಕೊಟ್ಟಿಲ್ಲ, ಯಾವ ನ್ಯಾಯಾಲಯವೂ ಕೊಡಲಾರದು. ಮನೆಯಿಂದ ಹೊರಡುವ ಹಕ್ಕು ನಮ್ಮದು. ಬಾಗಿಲು ತೆರೆಯುವುದು ಬಿಡುವುದು ಆ ಮನೆಯವರದು.

ಬಾಗಿಲು ತೆರೆಯುವ ಕ್ರಮ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಅಮೆರಿಕದಲ್ಲಿ 1952ರ ವಲಸೆ ಕಾಯಿದೆಯ 214ನೆಯ ಪ್ರಕರಣ ಇಂದಿಗೂ ಆಳುತ್ತಿದೆ. ಅದರಂತೆ, ನೋಡಿ ಬರಲು ಹೊರಟವನನ್ನೂ ನೆಲಸಲು ಹೊರಟವನೆಂದೇ ಮೊದಲು ಭಾವಿಸತಕ್ಕದ್ದು. ಹಾಗಲ್ಲವೆಂದು ತೋರಿಸಿಕೊಡುವ ಭಾರ ಅರ್ಜಿದಾರನದು. ಕಿಟಕಿಯ ಆಚೆ ನಿಂತ ಅಧಿಕಾರಿಯೊಡನೆ ಕೆಲವು ನಿಮಿಷಗಳ ಪ್ರಶ್ನೋತ್ತರದಲ್ಲಿ ಇದು ತೀರ್ಮಾನವಾಗುತ್ತದೆ. ಕರ್ನಾಟಕದವರು ಇದಕ್ಕಾಗಿ ಬಹುಕಾಲ ಚೆನ್ನೈಗೋ ಬೇರೊಂದು ನಗರಕ್ಕೋ ಹೋಗಬೇಕಾಗಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟ್ ಉದ್ಘಾಟನೆಗೊಂಡಿತಾದರೂ ವೀಸಾ ಕೊಡುವ ಕೆಲಸ ಅಂದೇ ಮೊದಲಾಗಲಿಲ್ಲ. ನಿರಾಕರಣೆಯಾದರೆ ಮೇಲ್ಮನವಿಯಿಲ್ಲ. ಹೊಸದಾಗಿ ಅರ್ಜಿ ಹಾಕಬಹುದು. 2023ರ ಜೂನಿನಲ್ಲಿ 185 ಡಾಲರಿಗೆ ಏರಿದ ಶುಲ್ಕವನ್ನು ಹೊಸದಾಗಿ ಕಟ್ಟಬೇಕು. ಇದರಲ್ಲಿ ನನ್ನ ಗಮನ ಸೆಳೆದುದು ಬೇರೊಂದು ಅಂಶ. ಪರಿಣತ ಕೆಲಸಗಾರರಿಗೆಂದು ಇರುವ ಎಚ್-1ಬಿ ವರ್ಗದವರನ್ನು ಈ ಪೂರ್ವಭಾವನೆಯಿಂದ ಕಾಯಿದೆಯೇ ಬಿಡುಗಡೆ ಮಾಡಿದೆ. ಆ ಕೆಲಸಗಾರ ತನ್ನೊಡನೆ ಹೆಂಡತಿಯನ್ನೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳನ್ನೂ ಕರೆದೊಯ್ಯಬಹುದು. ತಂದೆತಾಯಿಗಳು ಆ ಕುಟುಂಬದ ಎಣಿಕೆಯಲ್ಲಿ ಬರುವುದಿಲ್ಲ. ಅವರು ಪ್ರವಾಸಿಗಳಾಗಿ ಸಾಲಿನಲ್ಲಿ ನಿಲ್ಲಬೇಕು. ದುಡಿಯಹೋಗುವ ಮಗನ ಮೇಲಿಲ್ಲದ ಶಂಕೆ, ನೋಡಹೋಗುವ ತಾಯಿಯ ಮೇಲೆ ಇದೆ.

ಬ್ರಿಟನ್ನಿನಲ್ಲಿ ಕುಟುಂಬದವರನ್ನು ನೋಡಲು ಬರುವವರಿಗೆ ಹಿಂದೆ ಮೇಲ್ಮನವಿಯ ಅವಕಾಶವಿತ್ತು. 1993ರಲ್ಲಿ ಅದನ್ನು ತೆಗೆದರು. 2000ದಲ್ಲಿ ಮರಳಿ ಕೊಟ್ಟರು. 2013ರ ಜೂನ್ 25ರಿಂದ ಮತ್ತೆ ಇಲ್ಲವಾಗಿಸಿದರು. ಮಾನವ ಹಕ್ಕಿನ ಆಧಾರವೊಂದನ್ನು ಮಾತ್ರ ಉಳಿಸಿದ್ದಾರೆ. ಕೆನಡಾದ 2002ರ ನಿಯಮಾವಳಿಯ 179ನೆಯ ನಿಯಮದಂತೆ, ಬಂದವನು ಅವಧಿಯೊಳಗೆ ಹಿಂದಿರುಗುವನೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆಗದಿದ್ದರೆ ಪರದೇಶದಿಂದ ಅರ್ಜಿ ಹಾಕಿದವನು 60 ದಿನಗಳೊಳಗೆ ಅಲ್ಲಿನ ಫೆಡರಲ್ ಕೋರ್ಟಿನ ಅನುಮತಿ ಕೇಳಬಹುದು. ಅದೇ ಕೆನಡಾ, ತನ್ನ ಪ್ರಜೆಗಳ ಮತ್ತು ಖಾಯಂ ನಿವಾಸಿಗಳ ತಂದೆತಾಯಿಗಳಿಗೆಂದೇ 2011ರ ಡಿಸೆಂಬರಿನಲ್ಲಿ ‘ಸೂಪರ್ ವೀಸಾ’ ಎಂಬುದನ್ನು ತೆರೆಯಿತು. ಅದರ ಮೇಲೆ ಒಮ್ಮೆಗೆ ಐದು ವರ್ಷ ಇರಬಹುದು. ಮಕ್ಕಳು ಸಾಕಷ್ಟು ಆದಾಯವನ್ನು ತೋರಿಸಬೇಕು, ವೈದ್ಯಕೀಯ ವಿಮೆ ಮಾಡಿಸಿರಬೇಕು. ಆಸ್ಟ್ರೇಲಿಯಾದಲ್ಲಿ ಮಕ್ಕಳ ಜವಾಬ್ದಾರಿಯ ಮೇಲೆ ಬರುವ ಸಂದರ್ಶಕರಿಗಾಗಿ ಮಕ್ಕಳಿಂದ ಠೇವಣಿ ಕೇಳುವ ಏರ್ಪಾಡಿದೆ. ಅತಿಥಿ ಹೊತ್ತಿಗೆ ಸರಿಯಾಗಿ ಹೊರಟುಹೋದರೆ ಅದು ಹಿಂದಕ್ಕೆ ಬರುತ್ತದೆ. ಹಣದ ಒತ್ತೆಯಾದರೂ ನನಗೆ ಇದು ಮರ್ಯಾದೆಯ ದಾರಿಯಾಗಿ ಕಂಡಿತು. ‘ನಿನ್ನನ್ನು ನಂಬುವುದಿಲ್ಲ’ ಎನ್ನುವುದಕ್ಕಿಂತ ‘ಅಡವಿಟ್ಟು ಬಾ’ ಎನ್ನುವುದು ಮೇಲಲ್ಲವೆ?

ಕಚೇರಿಯವರ ಪಕ್ಷದಲ್ಲಿಯೂ ನ್ಯಾಯವಿಲ್ಲವೆಂದಲ್ಲ. ನೋಡಿ ಬರುತ್ತೇವೆಂದು ಹೋಗಿ, ಅಲ್ಲಿಯೇ ಉಳಿದುಬಿಟ್ಟವರಿದ್ದಾರೆ. ನಮ್ಮವರಲ್ಲಿಯೂ ಇದ್ದಾರೆ. ಒಂದು ದೇಶದ ಜನ ತಮ್ಮ ನೆಲದಲ್ಲಿ ಯಾರಿರಬೇಕೆಂದು ತೀರ್ಮಾನಿಸಿಕೊಳ್ಳುವುದು ಅಪರಾಧವಲ್ಲ. ಅರ್ಜಿ ಹಾಕುವ ತಂದೆತಾಯಿಗಳಲ್ಲಿ ಹೆಚ್ಚಿನವರಿಗೆ ಅನುಮತಿ ಸಿಗುತ್ತಲೂ ಇದೆ. ಮನೆಯಾಕೆ ಒಂದು ಸಲ ಬೇಸರದಿಂದ, ‘ಪುಣ್ಯಕೋಟಿಯನ್ನು ಕಳುಹಿಸಿದ ಹುಲಿಯೇ ವಾಸಿ’ ಎಂದಳು. ಆ ಹಾಡನ್ನು ನಾನು ತರಗತಿಯಲ್ಲಿ ಅದೆಷ್ಟು ಸಲ ಹೇಳಿಕೊಟ್ಟಿದ್ದೇನೋ. ಕರುವನ್ನು ನೋಡಿ ಬರುತ್ತೇನೆಂದ ಹಸುವಿನ ಬಳಿ ಆಣೆಯ ಮಾತಲ್ಲದೆ ಬೇರೆ ಕಾಗದವಿರಲಿಲ್ಲ. ಆದರೆ ಹುಲಿಯ ಮುಂದಿದ್ದುದು ಒಂದೇ ಹಸು. ಆ ಅಧಿಕಾರಿಯ ಮುಂದೆ ದಿನ ಬೆಳಗಾದರೆ ಸಾಲುಗಟ್ಟಿ ನಿಲ್ಲುವವರೆಷ್ಟೋ. ಎಲ್ಲರ ಮಾತೂ ಒಂದೇ: ನೋಡಿ ಬರುತ್ತೇವೆ. ನಿಜವಾಡುವವನೂ ಸುಳ್ಳಾಡುವವನೂ ಒಂದೇ ವಾಕ್ಯವನ್ನು ಹೇಳುವಾಗ ಅವನು ಕಾಗದವನ್ನು ನೋಡುತ್ತಾನೆ. ಕಾಗದದಲ್ಲಿ ಆಸ್ತಿ ಕಾಣುತ್ತದೆ, ಸಂಬಳ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಕೊಳೆರೋಗ ಬಂದು ವರ್ಷದ ಫಸಲೇ ನೆಲಕ್ಕೆ ಬೀಳುತ್ತದೆಂಬ ಭಯ ಕಾಣುವುದಿಲ್ಲ. ದಿನಾ ಸಂಜೆ ನನ್ನ ಮನೆಯಾಕೆಯ ಕೈಯಿಂದಲೇ ಹಿಂಡಿ ತಿನ್ನುವ ಮುದಿ ಹಸು ಕಾಣುವುದಿಲ್ಲ. ನಮ್ಮನ್ನು ಈ ಮನೆಗೆ ಕಟ್ಟಿಹಾಕಿರುವ ಹಗ್ಗಗಳು ಇಂಥವೇ. ಅವಕ್ಕೆ ಪ್ರಮಾಣಪತ್ರ ಕೊಡುವ ತಹಶೀಲ್ದಾರರಿಲ್ಲ.

ಇಲ್ಲಿಯವರೆಗೆ ಒಪ್ಪುತ್ತೇನೆ. ಆದರೆ ಈ ಏರ್ಪಾಡಿನಲ್ಲಿ ಒಂದು ಊನವಿದೆ, ಅದನ್ನು ಹೇಳಲೇಬೇಕು. ಅಧಿಕಾರಿ ಅನುಮತಿ ಕೊಟ್ಟು, ಹೋದವನು ಮರಳದಿದ್ದರೆ, ಕೊಟ್ಟದ್ದು ತಪ್ಪೆಂಬುದು ಬಯಲಾಗುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಅನುಮತಿ ಕೊಡದೆ ಹೋದರೆ, ಆ ನಿರಾಕರಣೆ ತಪ್ಪೆಂಬುದು ಎಂದೆಂದಿಗೂ ಬಯಲಾಗುವುದಿಲ್ಲ. ಹೋಗಗೊಡದವನು ತಾನು ಮರಳಿ ಬರುತ್ತಿದ್ದೆನೆಂದು ಯಾವ ರೀತಿಯಲ್ಲಿ ಸಾಧಿಸಿಯಾನು? ಎರಡು ಬಗೆಯ ತಪ್ಪುಗಳಲ್ಲಿ ಒಂದಕ್ಕೆ ಮಾತ್ರ ಲೆಕ್ಕ ಕೇಳುವವರಿದ್ದಾಗ, ಮನುಷ್ಯನಾದವನು ಯಾವ ಕಡೆಗೆ ವಾಲುತ್ತಾನೆಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದಲೇ ಮೇಲ್ಮನವಿಯೊಂದು ಇರಬೇಕು, ಇನ್ನೊಬ್ಬನ ಕಣ್ಣು ಒಮ್ಮೆ ಆ ಕಾಗದದ ಮೇಲೆ ಹಾಯಬೇಕು ಎಂದು ನಾನು ವಾದಿಸುವುದು. ದಯೆಯನ್ನು ಕೇಳುತ್ತಿಲ್ಲ, ತಪ್ಪನ್ನು ತಿದ್ದುವ ಕೆಂಪು ಶಾಯಿಯನ್ನು ಕೇಳುತ್ತಿದ್ದೇನೆ.

ಪರರನ್ನು ಆಕ್ಷೇಪಿಸುವಾಗ ನಮ್ಮ ಹೊಸ್ತಿಲನ್ನೂ ನೋಡಿಕೊಳ್ಳಬೇಕು. ಭಾರತ ಪಾಕಿಸ್ತಾನಗಳ ನಡುವೆ ಪಾಸ್‌ಪೋರ್ಟು ವೀಸಾಗಳ ಪದ್ಧತಿ ಜಾರಿಗೆ ಬಂದುದು 1952ರ ಅಕ್ಟೋಬರಿನಲ್ಲಿ. ಗಡಿಯ ಎರಡು ಕಡೆಗೂ ಹಂಚಿಹೋದ ಕುಟುಂಬಗಳು ಅಂದಿನಿಂದ ಇಂಥ ಕಿಟಕಿಗಳ ಮುಂದೆ ನಿಂತಿವೆ. 2025ರ ಏಪ್ರಿಲಿನಲ್ಲಿ ಪಹಲ್‌ಗಾಮಿನ ಹತ್ಯೆಗಳಾದ ತರುವಾಯ ನಮ್ಮ ಸರ್ಕಾರ ಪಾಕಿಸ್ತಾನಿಯರ ವೀಸಾಗಳನ್ನು ರದ್ದುಪಡಿಸಿದಾಗ, ತವರಿಗೆಂದು ಬಂದಿದ್ದ ಹೆಣ್ಣುಮಕ್ಕಳು ಅಟ್ಟಾರಿಯ ಗಡಿಯಲ್ಲಿ ಮಕ್ಕಳನ್ನು ಅಗಲಿ ನಿಂತ ಸುದ್ದಿಯನ್ನು ಓದಿದೆವು. ಅದಕ್ಕೆ ರಾಜ್ಯದ ಕಾರಣಗಳಿದ್ದವು. ಎಲ್ಲ ಕಡೆಯೂ ಇರುತ್ತವೆ. ಆ ದಿನ ಪತ್ರಿಕೆಯನ್ನು ಮಡಿಸಿಡುತ್ತ ಮನೆಯಾಕೆ ಏನೂ ಹೇಳಲಿಲ್ಲ. ಆದರೆ ಆ ಹೆಂಗಸರ ಚಿತ್ರವನ್ನು ಬಹಳ ಹೊತ್ತು ನೋಡಿದ್ದಳು.

ನಮ್ಮ ಕಥೆಗೆ ಮರಳುತ್ತೇನೆ. 2023ರ ಜೂನಿನಲ್ಲಿ ಮಗು ಹುಟ್ಟಿತು. ಆಗ ಇಲ್ಲಿ ಮುಂಗಾರು ಹಿಡಿದಿತ್ತು. ನಮ್ಮ ಮನೆಯೊಳಗೆ ದೂರವಾಣಿ ಸರಿಯಾಗಿ ಕೇಳಿಸುವುದಿಲ್ಲ; ತೋಟದ ದಣಪೆಯ ಬಳಿ ಹೋಗಿ ನಿಲ್ಲಬೇಕು. ಮಳೆಯಲ್ಲಿ ಕೊಡೆ ಹಿಡಿದು ನಾನು ನಿಲ್ಲುವುದು, ಅವಳು ಕೈಯಲ್ಲಿ ದೂರವಾಣಿ ಹಿಡಿದು ಬಾಣಂತನ ಮಾಡುವುದು, ಹೀಗೆ ಒಂದೂವರೆ ತಿಂಗಳು ನಡೆಯಿತು. ‘ಮೆಣಸು ಹುರಿಯುವಾಗ ತುಪ್ಪ ಸಾಲದು’, ‘ತಲೆಗೆ ಬಟ್ಟೆ ಕಟ್ಟಿಕೊ’, ‘ಮಗುವಿನ ಕುತ್ತಿಗೆಗೆ ಕೈ ಕೊಡು’ ಎಂದು ಪರದೆಗೆ ಹೇಳುತ್ತಿದ್ದಳು. ಅಡಿಗೆ ಮಾಡುತ್ತಿದ್ದವರು ಅಳಿಯಂದಿರು. ಮೂರನೆಯ ವಾರದಲ್ಲಿ ಮಗಳಿಗೆ ಎದೆ ಗಟ್ಟಿಯಾಗಿ ಜ್ವರ ಬಂತು. ಅಲ್ಲಿನ ವೈದ್ಯರು ಔಷಧಿ ಕೊಟ್ಟು ಗುಣಪಡಿಸಿದರು. ಅವರು ಮಾಡಿದ್ದರಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಜ್ವರವಿದ್ದ ಆ ದಿನ ಮಗಳು, ‘ಅಮ್ಮಾ, ನೀನೊಬ್ಬಳು ಇದ್ದಿದ್ದರೆ...’ ಎಂದಳು. ಅಷ್ಟರಲ್ಲಿ ಗಾಳಿಮಳೆಗೆ ಮಾತು ಕಡಿದುಹೋಯಿತು. ಮತ್ತೆ ತಂತು ಸಿಕ್ಕಲು ಎರಡು ದಿನ ಹಿಡಿಯಿತು. ಆ ಎರಡು ರಾತ್ರಿಯೂ ಮನೆಯಾಕೆ ಹಂಡೆಯ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಯಾರ ಸ್ನಾನಕ್ಕೂ ನೀರು ಬೇಕಿರಲಿಲ್ಲ.

ಇನ್ನೊಮ್ಮೆ ಅರ್ಜಿ ಹಾಕೋಣವೆಂದರೆ ಅವಳು ಒಪ್ಪಲಿಲ್ಲ. ‘ನಂಬದವರ ಮನೆಗೆ ಎರಡು ಸಲ ಕೇಳಿಕೊಂಡು ಹೋಗುವುದೇಕೆ?’ ಎಂಬುದು ಅವಳ ಪ್ರಶ್ನೆ. ಒಂದು ವರ್ಷ ಹಾಗೆಯೇ ಕಳೆಯಿತು. ಈ ನಡುವೆ ನಾನು ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಮಾತಾಡಿ, ನಾಡಕಚೇರಿಗೆ ಹತ್ತಾರು ಸಲ ಅಲೆದು, ಪೌತಿ ಖಾತೆ ಮಾಡಿಸಿದೆ. ತಂದೆಯವರ ಹೆಸರು ಪಹಣಿಯಿಂದ ಅಳಿದು ನನ್ನ ಹೆಸರು ಬಂದ ದಿನ ಸಂತೋಷವಾಗಲಿಲ್ಲ; ಆದರೆ ಬೇಕಾದ ಕೆಲಸವಾಯಿತು. ಕೊನೆಗೆ ಮನೆಯಾಕೆಯನ್ನು ಒಪ್ಪಿಸಿದುದು ನಾನಲ್ಲ. ಪರದೆಯಲ್ಲಿ ಅಜ್ಜಿಯನ್ನು ಕಂಡಾಗಲೆಲ್ಲ ಮಗು ಪರದೆಯ ಹಿಂಭಾಗವನ್ನು ತಿರುಗಿಸಿ ನೋಡುತ್ತಿತ್ತು. ಅಜ್ಜಿ ಅಲ್ಲಿ ಅಡಗಿದ್ದಾಳೆಂದು ಅದರ ಎಣಿಕೆ. ಒಂದು ದಿನ ಅವಳೇ, ‘ಆಗಲಿ, ಹಾಕಿ’ ಎಂದಳು.

ಎರಡನೆಯ ಸಲ ಶಿವಮೊಗ್ಗದಲ್ಲಿ ಒಬ್ಬ ದಲ್ಲಾಳಿಯನ್ನು ಕಂಡೆ. ಹಿಂದೆ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯೋಣ ಎಂದ. ಎದ್ದು ಬಂದೆ. ಹೀಗೆ ಮರೆಮಾಚಿದವರನ್ನು ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೂ ದೂರವಿಡಬಹುದು. ಅಮೆರಿಕದಲ್ಲಿ ಅದು ಜೀವಮಾನದ ಅನರ್ಹತೆಯಾಗಬಹುದು. ಆ ಭಯವಿಲ್ಲದಿದ್ದರೂ, ನಿಜ ಹೇಳುವವರೆಂದು ನಂಬಿಸಲು ಹೊರಟವರು ಸುಳ್ಳಿನಿಂದ ಆರಂಭಿಸುವುದು ಹೇಗೆ? ನಾನೇ ಕುಳಿತು ಒಂದು ಪತ್ರ ಬರೆದೆ. ಹಿಂದೆ ನಿರಾಕರಿಸಿದ್ದೀರಿ, ಆ ನಾಲ್ಕು ಲಕ್ಷ ಅಳಿಯನದು, ಹಿಂದಿರುಗಿಸಿದ್ದೇವೆ, ಖರ್ಚು ಅವನೇ ನೋಡಿಕೊಳ್ಳುತ್ತಾನೆ, ಅವನ ಸಂಬಳದ ಚೀಟಿ ಇಲ್ಲಿದೆ, ಇದು ತೋಟದ ಪಹಣಿ, ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಟು, ಔಷಧಿ ಹೊಡೆಸುವ ಕೆಲಸವಿರುವುದರಿಂದ ಮೇ ತಿಂಗಳಲ್ಲಿ ಹಿಂದಿರುಗುತ್ತೇವೆ ಎಂದು ಇದ್ದುದನ್ನು ಇದ್ದಂತೆ ಬರೆದು, ಕೊಳೆರೋಗವೆಂದರೇನೆಂಬುದನ್ನೂ ನಾಲ್ಕು ವಾಕ್ಯಗಳಲ್ಲಿ ವಿವರಿಸಿದೆ. ಆ ನಾಲ್ಕು ವಾಕ್ಯಗಳನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಅನುಮತಿ ಬಂತು.

2025ರ ಫೆಬ್ರವರಿಯಲ್ಲಿ ನಾವು ಹೋಗಿ ಇಳಿದಾಗ ಮಗುವಿಗೆ ಒಂದು ವರ್ಷ ಎಂಟು ತಿಂಗಳು. ಓಡಾಡುತ್ತಿತ್ತು. ಅಜ್ಜಿಯನ್ನು ಕಂಡು ತಾಯಿಯ ಕಾಲ ಹಿಂದೆ ಅಡಗಿತು. ಮನೆಯಾಕೆ ಒಯ್ದಿದ್ದ ಪಂಚೆಯ ಬಟ್ಟೆಗಳು ಹಾಸಲು ಉಪಯೋಗಕ್ಕೆ ಬರಲಿಲ್ಲ. ಮಗಳು ಅವನ್ನು ಎತ್ತಿಟ್ಟುಕೊಂಡಳು. ಮೂರನೆಯ ದಿನಕ್ಕೆ ಮಗು ಅಜ್ಜಿಯ ಸೆರಗು ಹಿಡಿಯಿತು. ಮೂರು ತಿಂಗಳು ಹೇಗೆ ಕಳೆದುವೆಂಬುದನ್ನು ಬರೆಯುವುದಿಲ್ಲ. ಅದು ಎಲ್ಲ ಮನೆಗಳಲ್ಲಿಯೂ ಒಂದೇ. ಒಂದು ಮಾತನ್ನು ಮಾತ್ರ ಹೇಳಬೇಕು. ಮೊದಲ ರಾತ್ರಿ ಮಗಳು ತಾಯಿಯ ಮುಂದೆ ತಲೆ ಬಿಚ್ಚಿ ಕುಳಿತು, ‘ಎಣ್ಣೆ ಹಚ್ಚಮ್ಮ’ ಎಂದಳು. ಇಬ್ಬರೂ ಬಾಣಂತನದ ಮಾತೆತ್ತಲಿಲ್ಲ. ತಡವಾಗಿ ಬಂದ ಅನುಮತಿಯಿಂದ ಪ್ರಯಾಣ ದೊರಕಿತು. ಆ ಜ್ವರದ ಎರಡು ರಾತ್ರಿಗಳು ದೊರಕಲಿಲ್ಲ.

ಮೇ ತಿಂಗಳ ಕೊನೆಯ ವಾರ, ಬರೆದುಕೊಟ್ಟಿದ್ದಂತೆಯೇ, ಹೊರಟು ನಿಂತೆವು. ಪೆಟ್ಟಿಗೆಗಳು ಕಾರಿನಲ್ಲಿದ್ದವು. ಮಗು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಮನೆಯಾಕೆ ಅದರ ಗಲ್ಲ ಮುಟ್ಟಿ, ಅಭ್ಯಾಸದಂತೆ, ‘ಹೋಗಿ ಬರುತ್ತೇನೆ, ಕಂದಾ’ ಎಂದಳು.

ವಿಮಾನದಲ್ಲಿ ಕುಳಿತ ಮೇಲೆ ಆ ಮಾತು ನನ್ನ ತಲೆಯಲ್ಲಿ ಸುಳಿಯಿತು. ಕಚೇರಿಗೆ ನಾವು ಎರಡು ವರ್ಷ ಹೇಳುತ್ತ ಬಂದುದೂ ಇದೇ ಮಾತು. ಅಲ್ಲಿ ‘ಬರುತ್ತೇನೆ’ ಎಂದರೆ ನಮ್ಮ ಊರಿಗೆ ಬರುತ್ತೇನೆ ಎಂದರ್ಥ. ಮಗುವಿಗೆ ಹೇಳಿದಾಗ ಅದು ನಿನ್ನ ಬಳಿಗೆ ಬರುತ್ತೇನೆ ಎಂದಾಯಿತು. ಎರಡೂ ನಿಜ. ಎಲ್ಲಿಗೆ ಬರುತ್ತೇನೆಂಬುದನ್ನು ನಮ್ಮ ಮಾತು ಹೇಳುವುದೇ ಇಲ್ಲ. ಇದನ್ನು ಮನೆಯಾಕೆಗೆ ಹೇಳೋಣವೆಂದು ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ. ‘ಔಷಧಿ ಹೊಡೆಯುವವನಿಗೆ ಹೇಳಿ ಕಳುಹಿಸಿದ್ದೀರಷ್ಟೆ?’ ಎಂದು ಕೇಳಿದಳು. ‘ಹೇಳಿದ್ದೇನೆ’ ಎಂದೆ.